ಎಂಟು ಗಂಟೆಯ ನಿದ್ದೆ

ಬಿಸಿ ರೋಲರ್ ಅಕ್ಕನ ಬಲಗೈಯ ನಾಲ್ಕು ಬೆರಳು ತಿಂದುಹಾಕಿತು. ಆಸ್ಪತ್ರೆಗಳ ಹೊದಿಕೆ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆ ನಮ್ಮದು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಪಕ್ಕದ ಮೆಷಿನ್ನಿನವಳು. ಹೊದಿಕೆಯ ಅಂಚು ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿದ್ದಳು. ನಾನು ಕೂಗುವಷ್ಟರಲ್ಲಿ ಕೈ ಒಳಗಿತ್ತು.

ಒಂದು ವಾರ ಹಗಲು ಪಾಳಿ, ಮರುವಾರ ರಾತ್ರಿ ಪಾಳಿ. ಯಾವಾಗ ಮಲಗಬೇಕೆಂಬುದನ್ನೇ ನಮ್ಮ ಮೈ ಮರೆತಿತ್ತು. ಕಂಪನಿ ಪಾಳಿ ಬದಲಿಸಿರಲಿಲ್ಲ. ಬದಲಿಗೆ, ಈ ಅಪಘಾತಕ್ಕೆ ಎಷ್ಟೋ ಮೊದಲೇ, ನಿದ್ದೆ ಅಳೆಯುವ ಪಟ್ಟಿಯೊಂದನ್ನು ಎಲ್ಲರ ಕೈಗೆ ಕಟ್ಟಿತ್ತು. ಏಳು ಗಂಟೆ ತೋರಿಸದಿದ್ದರೆ ಗೇಟಿನಿಂದಲೇ ವಾಪಸ್ಸು, ಅಂದಿನ ಕೂಲಿ ಇಲ್ಲ. ಡಾಕ್ಟರನ್ನು ಕರೆಸಿ ಭಾಷಣ ಬೇರೆ.

"ಮಲಗಿದಾಗ ಮಿದುಳು ತನ್ನ ಕೊಳೆ ತಾನೇ ತೊಳ್ಕೊಳ್ಳುತ್ತೆ. ನಿದ್ದೆ ಕೆಟ್ಟರೆ, ಎದ್ದಿರುವಾಗಲೇ ಒಂದೆರಡು ಕ್ಷಣ ಮಲಗಿಬಿಡುತ್ತೆ."

ಆ ಒಂದೆರಡು ಕ್ಷಣಕ್ಕೇ ಅಕ್ಕನ ಬೆರಳು ಹೋದದ್ದು.

ಅಪಘಾತವಾದ ಎಂಟನೇ ದಿನ ಕಾರ್ಖಾನೆಯ ಸುರಕ್ಷತೆ ಸಾಹೇಬ ಅವಳನ್ನು ಕರೆಸಿದ. ಜೊತೆಗೆ ನಾವು ಐದು ಜನ ಹೆಂಗಸರೂ ನುಗ್ಗಿದೆವು. ಗೋಡೆ ಹಿಡಿದುಕೊಂಡು ಅವಳ ಅತ್ತೆಯೂ ಬಂದಳು.

"ನೋಡಮ್ಮ, ಕೈ ಸಿಕ್ಕಿಕೊಂಡ ಹಿಂದಿನ ದಿನ ಎಂಟು ಗಂಟೆ ಗಡದ್ದಾಗಿ ಮಲಗಿದ್ದೀಯ. ಪಟ್ಟಿ ಹೇಳ್ತಿದೆ. ಅಂದ್ಮೇಲೆ ಇದು ನಿನ್ನದೇ ಅಜಾಗರೂಕತೆ. ಪರಿಹಾರ ಬರಲ್ಲ. ಇಲ್ಲಿ ಸಹಿ ಹಾಕು."

"ಯಾವ ಕೈಲಿ ಹಾಕ್ಲಿ ಸಾರ್?"

ಸಾಹೇಬ ಪೆನ್ನು ತಿರುಗಿಸುತ್ತ ಕೂತ. ಅಕ್ಕ ತಲೆ ತಗ್ಗಿಸಿದಳು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಪರಿಹಾರ ಕೈತಪ್ಪುತ್ತದೆ.

ಅತ್ತೆಗೆ ತಡೆಯಲಾಗಲಿಲ್ಲ. "ಆ ನಿದ್ದೆ ನಂದು ಕಣಪ್ಪ. ಮಾತ್ರೆ ನುಂಗಿ ಮಲಗೋಳು ನಾನು, ಪಟ್ಟಿ ಇದ್ದದ್ದು ನನ್ನ ಕೈಲಿ. ಇವಳು ಪಾಳಿ ಮುಗಿಸಿ ಬಂದು ಅಡುಗೆ ಮಾಡಿ, ಮಕ್ಕಳನ್ನ ನೋಡಿ, ನನ್ನ ಮೈ ತೊಳೆದು ಮತ್ತೆ ಇಲ್ಲಿಗೇ ಓಡಿಬಂದ್ಲು. ಒರಗೋದಕ್ಕಾದ್ರೂ ಬಿಡುವಿತ್ತಾ?"

"ಓಹೋ, ಮೋಸ!" ಸಾಹೇಬನ ಮುಖ ಅರಳಿತು. "ಹಾಗಾದ್ರೆ ಕೆಲಸಾನೂ ಇಲ್ಲ."

ನನಗೆ ಪಿತ್ತ ನೆತ್ತಿಗೇರಿತು. ನನ್ನ ಪಟ್ಟಿ ಕಿತ್ತು ಮೇಜಿಗೆ ಬಡಿದೆ. "ಇದರಲ್ಲಿರೋದು ನಮ್ಮನೆ ನಾಯಿ ನಿದ್ದೆ! ನನ್ನನ್ನೂ ತೆಗೀರಿ!"

"ಇದು ನಮ್ಮ ಮಾವಂದು." ನನ್ನ ಪಕ್ಕದವಳೂ ತನ್ನ ಪಟ್ಟಿ ಬಿಚ್ಚಿದಳು.

"ಇದು ನನ್ನ ಕೂಸಿಂದು ಸಾರ್. ಚೆನ್ನಾಗಿ ಮಲಗುತ್ತೆ, ಬೇಕಾದ್ರೆ ಕೆಲಸಕ್ಕೆ ಅದನ್ನೇ ಕರ್ಕೊಳ್ಳಿ."

ಐದು ಪಟ್ಟಿಗಳೂ ಮೇಜಿನ ಮೇಲೆ ಬಿದ್ದವು. ಸಾಹೇಬ ತಬ್ಬಿಬ್ಬಾದ.

"ಮತ್ತೆ ನೀವೆಲ್ಲ ನಿದ್ದೆ ಮಾಡೋದು ಯಾವಾಗ?"

ಅಕ್ಕ ತಲೆ ಎತ್ತಿದಳು. "ರೋಲರ್ ಮುಂದೆ. ಅದನ್ನ ಬರ್ಕೊಳ್ಳಿ. ಆಮೇಲೆ ಎಡಗೈಲಿ ಸಹಿ ಹಾಕ್ತೀನಿ."