ಎಡಗೈ ಗಂಟು

ನನ್ನ ಅಣ್ಣನ ಬಲಗೈ ತಿಂದ ಯಂತ್ರವನ್ನು ರಿಪೇರಿ ಮಾಡಿಕೊಡು ಎಂದು ಅದರ ಯಜಮಾನನೇ ನನ್ನ ಶೆಡ್ಡಿನ ಬಾಗಿಲಿಗೆ ಬಂದು ನಿಂತಾಗ ನಾನು ನಕ್ಕೆ. ಹನ್ನೊಂದು ವರ್ಷ ಹಲ್ಲು ಕಚ್ಚಿಕೊಂಡು ಕಾದವಳಿಗೆ ನಗು ಬರದೆ ಇನ್ನೇನು ಬರುತ್ತದೆ? ಅವನು ಅದನ್ನು ಮರ್ಯಾದೆಯ ನಗು ಎಂದುಕೊಂಡ.

ಈಗ ಅವನು ದೊಡ್ಡ ಮನುಷ್ಯ. ಊರಿನ ಮರ ಕಡಿಯುವ, ಕೊಂಬೆ ಸವರುವ ಗುತ್ತಿಗೆದಾರರಿಗೆಲ್ಲ ಅಧ್ಯಕ್ಷ. ಮರ ಕಡಿಯುವ ಕೆಲಸ ಕಲಿಸುವ ತರಬೇತಿ ಕೇಂದ್ರಕ್ಕೆ ಹೊಸ ಕಟ್ಟಡ ಎದ್ದಿತ್ತು. ಅದರ ಅಂಗಳದಲ್ಲಿ, ಕಡಿದ ಕೊಂಬೆಯನ್ನು ನುಂಗಿ ಚೂರು ಮಾಡಿ ಉಗುಳುವ ಚಿಪ್ಪರ್ ಯಂತ್ರ ಕಾಲಕಾಲಕ್ಕೆ ಹೇಗೆ ಬದಲಾಯಿತು ಎಂದು ತೋರಿಸುವ ಪ್ರದರ್ಶನ ನಡೆಯಬೇಕಿತ್ತು.

“ಮೂರು ಚಿಪ್ಪರ್ ಸಾಲಾಗಿ ನಿಲ್ಲಿಸ್ತೀವಿ ಕಣಮ್ಮ. ಅಜ್ಜಿ, ಮಗಳು, ಮೊಮ್ಮಗಳು ಇದ್ದ ಹಾಗೆ. ನಡುವಿನದು ನನ್ನದೇ, ಗುಜರಿಯಲ್ಲಿ ಬಿದ್ದಿತ್ತು. ಅದು ಓಡ್ಬೇಕು, ನಾನೇ ಓಡಿಸಿ ತೋರಿಸ್ತೀನಿ. ನಿನ್ನ ಕೈಗುಣ ಚೆನ್ನಾಗಿದೆ ಅಂತಾರೆ.” ಸ್ವಲ್ಪ ತಡೆದು, “ಹಳೇದೆಲ್ಲ ಮರೆತಿದ್ದೀಯ ತಾನೇ?” ಎಂದ.

“ನೆನಪಿಟ್ಕೊಂಡು ಯಾರಿಗೇನು ಲಾಭ ಯಜಮಾನ್ರೇ? ಬಿಟ್ಟುಹೋಗಿ, ಮಾಡಿಕೊಡ್ತೀನಿ,” ಎಂದೆ.

ಅವನು ಹೇಳಿದ ಆ ಅಜ್ಜಿಯನ್ನು ನಮ್ಮಪ್ಪನ ಕಾಲದವರು ‘ಎಸೆದೋಡು’ ಎಂದು ಕರೆಯುತ್ತಿದ್ದರು. ಅದಕ್ಕಿದ್ದದ್ದು ಒಂದು ಬಾಯಿ, ಬಾಯೊಳಗೆ ಗಿರಗಿರ ತಿರುಗುವ ಬ್ಲೇಡಿನ ಉರುಳೆ, ಅಷ್ಟೇ. ಕೊಂಬೆಯನ್ನು ಎಸೆಯಬೇಕು, ಎಸೆದವನು ಓಡಬೇಕು. ಇಲ್ಲದಿದ್ದರೆ ಒಳಗೆ ಹೋಗುವ ಕೊಂಬೆಯ ಬಾಲ ಪಕ್ಕೆಗೆ ಬಾರಿಸುತ್ತಿತ್ತು. ಅಪ್ಪನ ಪಕ್ಕೆಯ ಮೇಲೆ ಅಂಥ ಐದು ಬರೆಗಳಿದ್ದವು.

ಆಮೇಲೆ ಬಂದ ಯಂತ್ರಕ್ಕೆ ಹಲ್ಲಿರುವ ರೋಲರ್‌ಗಳು ಬಂದವು. ಅವು ಕೊಂಬೆಯನ್ನು ಹಿಡಿದು ಒಂದೇ ಹದದಲ್ಲಿ ಒಳಗೆ ಎಳೆದುಕೊಳ್ಳುತ್ತವೆ. ಬಾಯಿಯ ಮೇಲೆ ಅಡ್ಡಕ್ಕೆ ಒಂದು ಸ್ಟಾಪ್ ಬಾರ್. ಅದನ್ನು ಮುಂದಕ್ಕೆ ತಳ್ಳಿದರೆ ರೋಲರ್ ತಿರುಗುತ್ತದೆ, ಒಂದು ಏಟು ಹೊಡೆದರೆ ಬಾರ್ ಹಿಂದಕ್ಕೆ ಬಂದು ರೋಲರ್ ನಿಲ್ಲುತ್ತದೆ. ಈಗಿನದಕ್ಕಂತೂ ಮೊಣಕಾಲು ತಗುಲಿದರೆ ನಿಲ್ಲುವ ಹಲಗೆಯಿದೆ, ಎಂಜಿನ್ ಏದುಸಿರು ಬಿಟ್ಟರೆ ರೋಲರ್ ತಾನಾಗಿ ತಡೆಯುತ್ತದೆ, ಕೈಗೆ ಕಟ್ಟಿದ ಪಟ್ಟಿಯನ್ನು ಗುರುತು ಹಿಡಿದು ಬಾಯಿ ಮುಚ್ಚಿಕೊಳ್ಳುವಷ್ಟು ಬುದ್ಧಿಯಿದೆ. ಜನ ಇದಕ್ಕೆ ಪ್ರಗತಿ ಅನ್ನುತ್ತಾರೆ. ನಾನು ಬಿಚ್ಚಿ ಜೋಡಿಸುವವಳು. ಪ್ರತಿ ಹೊಸ ಭಾಗದ ಹಿಂದೆ ಯಾರದೋ ಮೂಳೆ ಇದೆ ಎಂದು ನನಗೆ ಗೊತ್ತು.

ಅಣ್ಣನದು ನಡುವಿನ ಯಂತ್ರದ ಕಾಲ. ಹಗ್ಗ ಹಾಕಿ ಮರ ಹತ್ತುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಅವತ್ತು ಎಲೆ ತುಂಬಿದ ಪೊದೆಗೊಂಬೆಗಳು. ಒಂದೊಂದು ಕೊಂಬೆಯೂ ಬಾರಿಗೆ ತಗುಲಿ ರೋಲರ್ ನಿಲ್ಲುತ್ತಿತ್ತು. ಯಜಮಾನನಿಗೆ ತಾಳ್ಮೆ ಕೆಟ್ಟಿತು. ಬಾರನ್ನು ಮುಂದಕ್ಕೆ ತಳ್ಳಿ, ಬುಡದ ತಗಡಿನ ಮರೆಯಲ್ಲಿ, ಅಲುಗಾಡದ ಹಾಗೆ ತಂತಿಯಿಂದ ಬಿಗಿದ. ದೂರದಲ್ಲಿದ್ದ ಉಳಿದವರು ಅದನ್ನು ನೋಡಲಿಲ್ಲ. “ಯಜಮಾನ್ರೇ, ಬಿಚ್ಚಿ,” ಎಂದು ಅಣ್ಣ ಹೇಳಿದನಂತೆ. “ಊಟದ ಹೊತ್ತಿನವರೆಗೆ ಅಷ್ಟೇ, ಸುಮ್ನೆ ನೂಕೋ,” ಎಂದನಂತೆ ಅವನು.

ಊಟದ ಹೊತ್ತಿಗೆ ಇನ್ನೂ ಅರ್ಧ ಗಂಟೆ ಇತ್ತು. ಕವಲುಗೊಂಬೆಯೊಂದು ಅಣ್ಣನ ಕೈಗವಸಿಗೆ ಸಿಕ್ಕಿ ಎಳೆಯಿತು. ಅಣ್ಣ ಬಾರಿಗೆ ಹೊಡೆದ, ಅದು ಜಗ್ಗಲಿಲ್ಲ. ಮೂರು ಸಲ ಕೂಗಿದ. ಗರಗಸ ಹಿಡಿದು ಅಷ್ಟು ದೂರದಲ್ಲಿದ್ದ ಹಿರಿಯ ಕೆಲಸಗಾರ, ಎಲ್ಲರೂ ‘ಗರಗಸದ ಅಜ್ಜ’ ಎನ್ನುವವನು, ಓಡಿ ಬಂದು ಎಂಜಿನ್ ಆಫ್ ಮಾಡುವಷ್ಟರಲ್ಲಿ ಮೊಣಕೈವರೆಗೆ ಹೋಗಿತ್ತು. ಅವನನ್ನು ವ್ಯಾನಿಗೆ ಹಾಕಿಕೊಂಡು ಎಲ್ಲರೂ ಆಸ್ಪತ್ರೆಗೆ ಧಾವಿಸಿದರು. ಯಂತ್ರದ ಬಳಿ ಉಳಿದವನು ಯಜಮಾನ ಒಬ್ಬನೇ.

ತಪಾಸಣೆಯ ಅಧಿಕಾರಿ ಬಂದಾಗ ಬಾರಿನ ಮೇಲೆ ತಂತಿ ಇರಲಿಲ್ಲ. ಇತ್ತು ಎಂದು ಅಣ್ಣ ಆಸ್ಪತ್ರೆಯ ಮಂಚದಿಂದ ಹೇಳಿ ಕಳಿಸಿದ. ಅದಕ್ಕೆ ಯಜಮಾನ ಕೊಟ್ಟ ಉತ್ತರ ನನಗಷ್ಟೇ ಅಲ್ಲ, ಹಳೆಯ ಕೆಲಸಗಾರರಿಗೆಲ್ಲ ಅಕ್ಷರಶಃ ಬಾಯಿಪಾಠವಾಗಿದೆ: “ಸ್ವಾಮಿ, ಬಿಗಿದ ತಂತಿ ಕತ್ತರಿಸೋಕೆ ಕಟಿಂಗ್ ಪ್ಲೇಯರ್ ಬೇಕು. ಪ್ಲೇಯರ್ ಇದ್ದದ್ದು ವ್ಯಾನಿನಲ್ಲಿ, ವ್ಯಾನ್ ಹೋಗಿದ್ದು ಆಸ್ಪತ್ರೆಗೆ. ಇಲ್ಲದ ತಂತಿನ ನಾನೇನು ಹಲ್ಲಲ್ಲಿ ಬಿಚ್ಚಿದ್ನಾ?” ಅಧಿಕಾರಿ ನಕ್ಕು, ‘ಕೆಲಸಗಾರ ನಿದ್ದೆಗಣ್ಣಿನಲ್ಲಿದ್ದ’ ಎಂದು ಬರೆದು ಕೈತೊಳೆದುಕೊಂಡ.

ಅಲ್ಲಿಂದ ನನ್ನ ಅಣ್ಣನಿಗೆ ‘ನಿದ್ದೆಗಣ್ಣ’ ಎಂದೇ ಹೆಸರು. ಅಷ್ಟಕ್ಕೆ ಬಿಟ್ಟಿದ್ದರೂ ಸಹಿಸುತ್ತಿದ್ದೆನೋ ಏನೋ. ಪ್ರತಿ ವರ್ಷ ತರಬೇತಿಗೆ ಸೇರುವ ಹೊಸಬರ ಮುಂದೆ ನಿಂತು ಯಜಮಾನ ‘ನಿದ್ದೆಗಣ್ಣನ ಕಥೆ’ ಹೇಳುತ್ತಿದ್ದ. ಆಕಳಿಸಿ, ತೂಕಡಿಸಿ, ಅಭಿನಯ ಮಾಡಿ. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರಂತೆ. ಕೈ ಕಿತ್ತುಕೊಂಡವನು ಮಾನವನ್ನೂ ಕಿತ್ತುಕೊಂಡು ಬೀದಿಯಲ್ಲಿ ಹಂಚುತ್ತಿದ್ದ. ನನಗೆ ಬೇಕಾಗಿದ್ದದ್ದು ಒಂದೇ. ಆ ಹೆಸರು ಅಣ್ಣನ ಮೈಮೇಲಿಂದ ಇಳಿಯಬೇಕು, ಅದನ್ನು ಇಳಿಸುವವನು ಅವನೇ ಆಗಬೇಕು, ಊರೆಲ್ಲ ನೋಡುತ್ತಿರುವಾಗ.

ಅಣ್ಣನಿಗೆ ಮಾತ್ರ ನನ್ನ ಉರಿ ಅಂಟಲೇ ಇಲ್ಲ. ಅವನು ನನ್ನ ಶೆಡ್ಡಿನಲ್ಲೇ ಬ್ಲೇಡನ್ನು ಮೇಜಿನ ಕಬ್ಬಿಣದ ಇಕ್ಕಳಕ್ಕೆ, ವೈಸಿಗೆ, ಸಿಕ್ಕಿಸಿ ಎಡಗೈಯಲ್ಲಿ ಸಾಣೆ ಹಿಡಿಯುತ್ತಿದ್ದ. ನಾನು ಯಜಮಾನನಿಗೆ ಶಾಪ ಹಾಕಿದಾಗಲೆಲ್ಲ ಅದೇ ಮಾತು: “ಓಡಿದ್ದ ಕಣೆ. ನಾನು ಕೂಗಿದ ತಕ್ಷಣ ವ್ಯಾನಿನ ಕಡೆ ಓಡಿದ್ದ, ಬೆನ್ನು ನೋಡ್ದೆ. ಪ್ಲೇಯರ್ ತರೋಕೇ ಇರ್ಬೇಕು. ಅಷ್ಟರಲ್ಲಿ ಕೈ ಮೀರಿತ್ತು. ಆಮೇಲೆ ಹೆದರಿ ಸುಳ್ಳು ಹೇಳ್ದ. ಬಿಡು.”

“ನೀನು ಬಿಡು. ನಾನು ಬಿಡಲ್ಲ,” ಎನ್ನುತ್ತಿದ್ದೆ.

ಹಳೆಯ ಬಣ್ಣ ಕೆರೆಯಲು ಕೂತ ಮೊದಲ ದಿನವೇ ಸಿಕ್ಕಿತು. ಬಾರಿನ ಎಡಗಡೆಯ ಬುಡದಲ್ಲಿ, ತಗಡಿನ ಮರೆಯಲ್ಲಿ, ಎರಡು ಪದರ ಬಣ್ಣದ ಕೆಳಗೆ ಮೂರು ಸಣ್ಣ ಗೀರುಗಳು. ಬಿಗಿದ ತಂತಿ ಯಂತ್ರದ ನಡುಕಕ್ಕೆ ತಿಕ್ಕಿ ತಿಕ್ಕಿ ಮಾಡಿದ ಗೀರು. ನನಗೆ ಸಾಕ್ಷಿ ಸಿಕ್ಕಿತು, ಆದರೆ ಗೀರು ಬಾಯಿಬಿಟ್ಟು ಮಾತಾಡುವುದಿಲ್ಲವಲ್ಲ.

ಬಾಯಿಬಿಟ್ಟದ್ದು ಇನ್ನೊಂದು ತಂತಿ. ಚೂರು ಉಗುಳುವ ಕೊಳವೆಯ ಮುಚ್ಚಳಕ್ಕೆ ಯಜಮಾನ ಯಾವತ್ತೋ ಕಟ್ಟಿದ್ದದ್ದು ಹಾಗೇ ಉಳಿದಿತ್ತು. ಅವನು ಎಡಚ. ಅವನ ಗಂಟಿಗೆ ಕೆಲಸಗಾರರೆಲ್ಲ ‘ಎಡಗೈ ಗಂಟು’ ಎನ್ನುತ್ತಿದ್ದರು. ಎಡಕ್ಕೆ ಮೂರು ಸುತ್ತು, ತುದಿಯೇ ಕಾಣದ ಹಾಗೆ ಒಳಗೆ ಮಡಿಕೆ. ಬಿಚ್ಚಲು ಯಾರಿಗೂ ಬರುತ್ತಿರಲಿಲ್ಲ, ಪ್ಲೇಯರ್ ಹಾಕಿ ಕತ್ತರಿಸುತ್ತಿದ್ದರು. ನಾನು ಕತ್ತರಿಸಲಿಲ್ಲ. ಮೂರು ದಿನ ಅದರ ಮುಂದೆ ಕೂತೆ. ಉಗುರು ಕಿತ್ತುಬಂತು. ನಾಲ್ಕನೇ ದಿನ ಮಡಿಕೆಯ ಹಿಂದೆ ಕಿರುಬೆರಳು ಹೋಗುವಷ್ಟು ಒಂದು ಕುಣಿಕೆ ಸಿಕ್ಕಿತು. ಬೆರಳು ಸಿಕ್ಕಿಸಿ ಕೆಳಕ್ಕೆ ಎಳೆದೆ. ಇಡೀ ಗಂಟು ಸಳಕ್ಕನೆ ಬಿಚ್ಚಿಕೊಂಡು ಅಂಗೈಗೆ ಬಿತ್ತು.

ಪ್ಲೇಯರ್ ಬೇಡ, ಹಲ್ಲೂ ಬೇಡ. ಶೆಡ್ಡಿನಲ್ಲಿ ಒಬ್ಬಳೇ ಕೂತು ಹುಚ್ಚಿಯ ಹಾಗೆ ನಕ್ಕೆ.

ಕಟ್ಟುವುದನ್ನು ಕಲಿಯಲು ಒಂದು ವಾರ ಹಿಡಿಯಿತು. ಆಮೇಲೆ ಯಂತ್ರಕ್ಕೆ ಹೊಸ ಹಸಿರು ಬಣ್ಣ ಬಳಿದು, ಬಾರನ್ನು ಮುಂದಕ್ಕೆ ತಳ್ಳಿ, ಅದೇ ಮೂರು ಗೀರಿನ ಮೇಲೆ ಅದೇ ಗಂಟು ಹಾಕಿದೆ. ತಂತಿಗೂ ಹಸಿರು ಹಚ್ಚಿದೆ. ರೋಲರ್ ತಿರುಗಿಸುವ ಎಣ್ಣೆಯ ಪೈಪಿಗೆ ಹಿಂಬದಿಯಲ್ಲಿ ಒಂದು ವಾಲ್ವ್ ಕೂರಿಸಿದೆ. ಅದನ್ನು ತಿರುಗಿಸಿದರೆ ರೋಲರ್ ಅಲ್ಲಿಗೇ ನಿಲ್ಲುತ್ತದೆ.

ವಾಲ್ವ್ ನೋಡಿ ಅಣ್ಣನಿಗೆ ಅನುಮಾನ ಬಂತು. ಬಾರ್ ಕಟ್ಟಿದ್ದೇನೆ, ಎಲ್ಲರೆದುರು ಅವನು ಇಂಗು ತಿಂದ ಮಂಗನಾಗಲಿ ಎಂದಷ್ಟೇ ಹೇಳಿದೆ. ಅಣ್ಣ ವಾಲ್ವನ್ನು ತಾನೇ ಎರಡು ಸಲ ತಿರುಗಿಸಿ ನೋಡಿದ.

“ನಿನ್ನ ಕೈ ವಾಲ್ವ್ ಮೇಲೇ ಇರ್ಬೇಕು. ನನ್ನ ಮೇಲಾಣೆ,” ಎಂದ.

“ಇರತ್ತೆ.”

“ನನಗಾದದ್ದು ಇನ್ನೊಬ್ಬರಿಗೆ ಆಗೋದು ಬೇಡ. ಅವನಿಗೂ ಬೇಡ.”

ಗಂಟಿನ ಗುಟ್ಟನ್ನು ಮಾತ್ರ ಅವನಿಗೆ ಹೇಳಲಿಲ್ಲ. ಎಲ್ಲ ಮುಗಿಸಿ ಬಂದು ಹೇಳಬೇಕು, ಅವನ ಮುಖ ಅರಳುವುದನ್ನು ಕಣ್ಣಾರೆ ನೋಡಬೇಕು ಎಂಬ ಆಸೆ ನನಗೆ.

ಪ್ರದರ್ಶನದ ಬೆಳಿಗ್ಗೆ ಅಂಗಳ ತುಂಬಿತ್ತು. ಹೊಸದಾಗಿ ಸೇರಿದವರು ಮುಂದೆ, ಕೇಂದ್ರದ ಮುಖ್ಯಸ್ಥೆ ಕುರ್ಚಿಯಲ್ಲಿ, ಹಳೆಯ ಕೆಲಸಗಾರರು ಎರಡನೇ ಸಾಲಿನಲ್ಲಿ. ಗರಗಸದ ಅಜ್ಜನೂ ಬಂದಿದ್ದ. ನಲವತ್ತು ವರ್ಷ ಗರಗಸದ ಸದ್ದು ಕೇಳಿ ಅವನಿಗೆ ಕಿವಿ ಮಂದ, ಗುಟ್ಟು ಹೇಳಿದರೂ ಊರಿಗೆ ಕೇಳುತ್ತದೆ. ನಾನು ನಡುವಿನ ಯಂತ್ರದ ಹಿಂದೆ, ಕೈ ವಾಲ್ವಿನ ಮೇಲಿಟ್ಟು ನಿಂತಿದ್ದೆ.

ಯಜಮಾನ ಹೊಸ ಕೋಟು ಹಾಕಿಕೊಂಡು ಬಂದ. ಎಸೆದೋಡಿನ ಬಗ್ಗೆ ನಾಲ್ಕು ಜೋಕು ಹೊಡೆದು, ನಡುವಿನ ಯಂತ್ರದ ಹತ್ತಿರ ಬಂದು, ಗಂಟಲು ಸರಿಮಾಡಿಕೊಂಡ. “ಈಗ ನಿಮಗೆ ನಿದ್ದೆಗಣ್ಣನ ಕಥೆ ಹೇಳ್ತೀನಿ,” ಎಂದು ದೊಡ್ಡದಾಗಿ ಆಕಳಿಸಿದ. ಮುಂದಿನ ಸಾಲು ನಕ್ಕಿತು.

ಯಂತ್ರ ಓಡಿಸಿದ. ಒಂದು ಕೊಂಬೆ ಹೋಯಿತು, ಎರಡು ಹೋಯಿತು, ಚೂರು ಹಾರಿತು. ಮೂರನೆಯದು ನಾನೇ ಆರಿಸಿ ಮೇಲಿಟ್ಟಿದ್ದ ಕವಲುಗೊಂಬೆ. ಅದನ್ನು ಬಲಗೈಯಲ್ಲಿ ಒಳಗೆ ನೂಕುತ್ತಾ, “ಆ ಪುಣ್ಯಾತ್ಮ ಕಣ್ಣು ಬಿಟ್ಕೊಂಡಿದ್ದಿದ್ರೆ ಮಾಡ್ಬೇಕಾಗಿದ್ದು ಇಷ್ಟೇ,” ಎಂದು ಎಡಗೈಯಿಂದ ಬಾರಿಗೆ ಹೊಡೆದ.

ಬಾರ್ ಜಗ್ಗಲಿಲ್ಲ. ಇನ್ನೊಮ್ಮೆ ಹೊಡೆದ. ಅಷ್ಟರಲ್ಲಿ ಕವಲು ಕೋಟಿನ ತೋಳಿಗೆ ಸಿಕ್ಕಿ ಅವನನ್ನು ಒಂದು ಹೆಜ್ಜೆ ಮುಂದಕ್ಕೆ ಎಳೆದಿತ್ತು. “ಏಯ್!” ಎಂದು ಕಿರುಚಿದ. ಕೈಗೂ ರೋಲರಿಗೂ ಒಂದು ಮೊಳ ದೂರ.

ವಾಲ್ವ್ ನನ್ನ ಮುಷ್ಟಿಯಲ್ಲಿತ್ತು. ನಾನು ತಿರುಗಿಸಲಿಲ್ಲ. ಒಂದು, ಎಂದು ಎಣಿಸಿದೆ. ಅವನ ಮುಖದಲ್ಲಿ ರಕ್ತ ಇಂಗಿಹೋಗುವುದನ್ನು ನೋಡಿದೆ, ನೋಡಿ ನನಗೆ ಹಿತವಾಯಿತು. ಸುಳ್ಳು ಯಾಕೆ ಹೇಳಲಿ?

ಎರಡು ಎನ್ನುವಷ್ಟರಲ್ಲಿ ಅವನ ಎಡಗೈ ಬಾರನ್ನು ಬಿಟ್ಟು ನೇರವಾಗಿ ತಗಡಿನ ಮರೆಗೆ ಹೋಯಿತು. ಕಣ್ಣು ಅತ್ತ ತಿರುಗಲೇ ಇಲ್ಲ. ಬಾರ್ ಯಾಕೆ ಜಗ್ಗುತ್ತಿಲ್ಲ, ತಂತಿ ಎಲ್ಲಿರುತ್ತದೆ, ಕುಣಿಕೆ ಯಾವ ಕಡೆ, ಎಲ್ಲವೂ ಆ ಕೈಗೆ ಗೊತ್ತಿತ್ತು. ಒಂದೇ ಎಳೆತ. ಗಂಟು ಬಿಚ್ಚಿತು, ಇನ್ನೊಂದು ಏಟಿಗೆ ಬಾರ್ ಟಪ್ಪೆಂದು ಹಿಂದಕ್ಕೆ ಸಿಡಿಯಿತು, ರೋಲರ್ ನಿಂತಿತು. ನಾನು ಎಂಜಿನ್ ಆಫ್ ಮಾಡಿದೆ.

ಅವನು ತೋಳು ಬಿಡಿಸಿಕೊಂಡು, ಹಸಿರು ತಂತಿಯನ್ನು ಬಲಗೈಯಲ್ಲಿ ಮೇಲೆತ್ತಿ ಹಿಡಿದು ಅರಚಿದ. “ಯಾರು ಇದನ್ನ ಕಟ್ಟಿದ್ದು? ಕೊಲೆಗಡುಕರು! ಬಾರ್ ಕಟ್ಟೋರು ಮನುಷ್ಯರಾ?”

ಎರಡನೇ ಸಾಲಿನಿಂದ ಗರಗಸದ ಅಜ್ಜ ಎದ್ದು ಬಂದ. ತಂತಿಯನ್ನು ನೋಡಿದ, ಅವನ ಖಾಲಿ ಎಡಗೈ ನೋಡಿದ.

“ಯಜಮಾನ್ರೇ, ಕಟಿಂಗ್ ಪ್ಲೇಯರ್ ಎಲ್ಲಿ?” ಅಂಗಳದ ಆಚೆಗೂ ಕೇಳಿಸಿತು. “ಹಲ್ಲಲ್ಲಿ ಬಿಚ್ಚಿದ್ರಾ?”

ಹಳಬರಿಗೆಲ್ಲ ಒಂದೇ ಏಟಿಗೆ ಅರ್ಥವಾಯಿತು. ಒಬ್ಬೊಬ್ಬರಾಗಿ ಎದ್ದರು. “ಅವತ್ತು ಬೇರೆ, ಇವತ್ತು...” ಎಂದು ಯಜಮಾನ ತೊದಲಿದ. ಅವತ್ತಿನ ಬಗ್ಗೆ ಯಾರೂ ಅವನನ್ನು ಕೇಳಿರಲೇ ಇಲ್ಲ. ಮುಖ್ಯಸ್ಥೆ ಅಜ್ಜನನ್ನು ಪಕ್ಕಕ್ಕೆ ಕರೆದು ಪೂರ್ತಿ ಕೇಳಿಸಿಕೊಂಡರು. ಬಣ್ಣ ಬಳಿಯುವ ಮೊದಲೇ ತೆಗೆದಿಟ್ಟಿದ್ದ ಮೂರು ಗೀರುಗಳ ಫೋಟೊವನ್ನು ನಾನು ತೋರಿಸಿದೆ. ಬಾರ್ ಕಟ್ಟಿದವಳು ನಾನೇ ಎಂದೂ ಹೇಳಿದೆ. ಅವರು ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಆ ಹಳೆಯ ವರದಿಯನ್ನು ಮತ್ತೆ ತೆಗೆಸುತ್ತೇನೆ ಎಂದರು. ಅಣ್ಣನ ನಿಜವಾದ ಹೆಸರೇನು ಎಂದು ಕೇಳಿ ಬರೆದುಕೊಂಡರು. ಹನ್ನೊಂದು ವರ್ಷದಲ್ಲಿ ಅದನ್ನು ಕೇಳಿದವರು ಅವರೇ ಮೊದಲು.

ತಂತಿಯ ತುಂಡನ್ನು ಜೇಬಿಗೆ ಹಾಕಿಕೊಂಡು ಗಾಳಿಯಲ್ಲಿ ತೇಲುತ್ತಾ ಶೆಡ್ಡಿಗೆ ಬಂದೆ. ಅಣ್ಣ ಸಾಣೆ ಹಿಡಿಯುತ್ತಿದ್ದ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ವೈಸಿಗೆ ಒಂದು ಸರಳು ಸಿಕ್ಕಿಸಿ, ಅದಕ್ಕೆ ಎಡಗೈ ಗಂಟು ಹಾಕಿ, “ನೋಡು, ಹೀಗೆ!” ಎಂದು ಕಿರುಬೆರಳಲ್ಲಿ ಎಳೆದು ಬಿಚ್ಚಿ ತೋರಿಸಿದೆ. ಅವನ ಮುಖ ಅರಳಲಿ ಎಂದು ಕಾದೆ.

ಅಣ್ಣ ತಂತಿಯನ್ನೇ ನೋಡುತ್ತಿದ್ದ. “ಇನ್ನೊಂದ್ಸಲ ಮಾಡು,” ಎಂದ. ಮಾಡಿದೆ.

“ಇಷ್ಟೇನಾ?”

“ಇಷ್ಟೇ. ನಾನು ಎರಡು ಎಣಿಸೋದ್ರೊಳಗೆ ಬಿಚ್ಚಿದ.”

“ಅವತ್ತು ಅವನು ನನ್ನ ಪಕ್ಕದಲ್ಲೇ ನಿಂತಿದ್ದ,” ಎಂದ ಅಣ್ಣ. “ಗಂಟಿಗೆ ಒಂದು ಮೊಳ ದೂರದಲ್ಲಿ. ನಾನು ಮೂರು ಸಲ ಕೂಗ್ದೆ.”

ಈ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಗಂಟನ್ನು ಆಮೇಲೆ ಹೇಗೆ ಮಾಯ ಮಾಡಿದ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಓಡಿದ್ದು ಪ್ಲೇಯರಿಗಾಗಿ ಅಲ್ಲ. ಪ್ಲೇಯರ್ ಅವನಿಗೆ ಬೇಕೇ ಇರಲಿಲ್ಲ. ಇನ್ನೊಬ್ಬನ ಕೈ ಹೋಗುವಾಗ ಬೆನ್ನು ತೋರಿಸಿದವನ ಬೆರಳು, ತನ್ನ ಕೋಟಿನ ತೋಳಿಗಾಗಿ ಕಣ್ಣು ಮಿಟುಕಿಸುವುದರೊಳಗೆ ಗಂಟು ಹುಡುಕಿಕೊಂಡು ಹೋಗಿತ್ತು.

ಅಣ್ಣ ಸಾಣೆಕಲ್ಲನ್ನು ಕೆಳಗಿಟ್ಟ. ಬಲಗೈ ಮೊಣಕೈಗೇ ಕೊನೆಯಾಗುವ ಜಾಗವನ್ನು ಎಡಗೈಯಿಂದ ಹಿಡಿದುಕೊಂಡ.

“ನಿನ್ನ ಕೈ ವಾಲ್ವ್ ಮೇಲೇ ಇತ್ತಾ?”

“ಇತ್ತು ಅಣ್ಣ. ನಿನ್ನ ಮೇಲೆ ಆಣೆ ಹಾಕಿಸ್ಕೊಂಡಿದ್ದೆಯಲ್ಲ.”

“ಯಾಕೆ ಇಟ್ಟೆ?” ಎಂದ ಅಣ್ಣ.