ಇಪ್ಪತ್ತೆಂಟು ಮೀಟರ್

ಮೂವತ್ತೊಂದು ವರ್ಷ ನಾನು ಪಿ.ಟಿ. ಮಾಸ್ತರನಾಗಿದ್ದೆ. ಅಷ್ಟೂ ವರ್ಷ ನನಗೆ ಎದುರಾಡಿದವರಿಲ್ಲ. ಎದುರಾಡಿದವರು ಮೈದಾನವನ್ನು ಎರಡು ಸುತ್ತು ಹೆಚ್ಚು ಓಡಬೇಕಿತ್ತು. ಮಹಮ್ಮದಸಾಬ ಮಾಸ್ತರನ ಸೀಟಿ ಕೇಳಿದರೆ ಬಳಗಾನೂರಿನ ಸಂತೆಯಲ್ಲಿ ನಿಂತ ಹುಡುಗರೂ ಸಾಲು ಹಿಡಿಯುತ್ತಾರೆ ಎಂದು ಜನ ನಗುತ್ತಿದ್ದರು. ನಮ್ಮೂರು ಬಳಗಾನೂರಿನಿಂದ ಆಚೆ, ಕಾಲುವೆಯ ದಂಡೆಗೆ ಅಂಟಿಕೊಂಡಿದೆ. ಅಲ್ಲಿಯ ಹೈಸ್ಕೂಲಿನ ಓಟದ ಮೈದಾನ ಅಳೆದು ಸುಣ್ಣದ ಗೆರೆ ಎಳೆದವನು ನಾನೇ. ಒಂದು ಸುತ್ತಿಗೆ ನಾನೂರು ಮೀಟರ್, ಒಂದು ಗೇಣು ಹೆಚ್ಚಿಲ್ಲ, ಒಂದು ಗೇಣು ಕಡಿಮೆಯಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಈ ವರ್ಷದವರೆಗೂ ಹೇಳಿದೆ.

ಭೀಮೇಶ ಆ ಮೈದಾನದ ಹುಡುಗ. ಕಾಲುವೆಯ ಬದಿಯಲ್ಲಿ ಎರಡು ಎಕರೆ ಭತ್ತ ಬೆಳೆಯುವ ಅಂಬಪ್ಪನ ಮಗ. ಅವನು ಓಡುವುದು ಹೇಗೆಂದು ನೋಡದವರಿಗೆ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳದೆ ಇರಲಾರೆ. ಅವನ ತಲೆ ಅಲುಗುವುದೇ ಇಲ್ಲ. ತುಂಬಿದ ಕೊಡ ಹೊರಿಸಿ ಓಡಿಸಿದರೂ ಹನಿ ಚೆಲ್ಲಲಿಕ್ಕಿಲ್ಲ. ಕಾಲು ನೆಲಕ್ಕೆ ಬಿದ್ದ ಸದ್ದು ಪಕ್ಕದವನಿಗೂ ಕೇಳಿಸದು. ಎಂಟನೇ ತರಗತಿಯಲ್ಲಿದ್ದಾಗ ಅವನು ಓಡಿದ್ದನ್ನು ಮೊದಲ ಸಲ ಕಂಡು ನನ್ನ ಮೈ ಜುಮ್ಮೆಂದಿತ್ತು. ಆದರೆ ನನ್ನ ಬಾಯಿಗೆ ಹೊಗಳಿಕೆ ಬರುವುದೇ ಇಲ್ಲವಲ್ಲ! "ಲೇ ಎಮ್ಮಿ, ಮೊಣಕಾಲು ಎತ್ತಲೇ!" ಎಂದು ಕೂಗಿದೆ. ಹುಡುಗ ಹಲ್ಲು ಬಿಟ್ಟು ನಕ್ಕು, ಮೊಣಕಾಲು ಎತ್ತಿ ಓಡಿದ.

ಅಂದಿನಿಂದ ಅವನಿಗೊಂದು ಚಟ. ಎಲ್ಲೇ ಓಡಲಿ, ಓಟಕ್ಕೆ ಮುಂಚೆ ನನಗೆ ಫೋನು ಮಾಡುತ್ತಾನೆ. "ಸರ, ಬೈರಿ" ಅನ್ನುತ್ತಾನೆ. ನಾನು ಬಾಯ್ತುಂಬ ಬೈದ ಮೇಲೆಯೇ ಬೂಟು ಹಾಕುತ್ತಾನೆ.

ಈಗ ಬೇಸರದ ಮಾತು. ಅವನಿಗೆ ಹದಿನೇಳು ತುಂಬಿದಾಗ ಕ್ರೀಡಾ ಹಾಸ್ಟೆಲಿಗೆ ಅರ್ಜಿ ಕರೆದಿದ್ದರು. ಸಾವಿರದ ಐನೂರು ಮೀಟರನ್ನು ನಾಲ್ಕು ನಿಮಿಷ ಹದಿನೈದು ಸೆಕೆಂಡಿನೊಳಗೆ ಓಡುತ್ತಾನೆ ಎಂದು ಮಾಸ್ತರ ಸಹಿ ಮಾಡಬೇಕು. ಭೀಮೇಶ ಮೂರು ದಿನ ಓಡಿದ. ಮೂರು ದಿನವೂ ನಾಲ್ಕು ನಿಮಿಷ ಇಪ್ಪತ್ತೆರಡು. ಅಂಬಪ್ಪ ಕೈಮುಗಿದು, "ಏಳು ಸೆಕೆಂಡಿಂದೇನೈತ್ರಿ ಸರ, ಹಾಕಿಬಿಡ್ರಿ" ಎಂದ. "ಸುಳ್ಳ ಟೈಮ್ ಬರಿಯೋ ಮಾಸ್ತರ ನಾನಲ್ಲ" ಎಂದು ಅರ್ಜಿಯನ್ನು ಹಾಗೇ ತಿರುಗಿ ಕೊಟ್ಟೆ. ಮರುವರ್ಷವೂ ಅದೇ ಆಯಿತು. ಹುಡುಗ ಎರಡು ವರ್ಷ ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊತ್ತ. ಬೆನ್ನು ಕೆಂಪಗಾಗಿದ್ದರೂ ಸಂಜೆ ಬಂದು ನನ್ನ ಮೈದಾನದಲ್ಲಿ ಓಡುತ್ತಿದ್ದ. ಒಂದು ದಿನವೂ ನನ್ನನ್ನು ದೂರಲಿಲ್ಲ.

ಆಮೇಲೆ ಸೈನ್ಯದ ಭರ್ತಿಗೆ ಹೋದ. ಅಲ್ಲಿ ಸಾವಿರದ ಆರುನೂರು ಮೀಟರ್ ಓಡಿಸುತ್ತಾರೆ. ಸಂಜೆ ಫೋನು ಬಂತು.

"ಸರ, ಸಾವಿರದ ಆರನೂರು ಓಡೀನ್ರಿ. ಅದೂ ನಾಕ ಇಪ್ಪತ್ತೆರಡೇ ಬಂತು! ನೂರು ಮೀಟರ್ ಹೆಚ್ಚಿದ್ರೂ ಅಷ್ಟೇ ಹೆಂಗ ಬಂತ್ರಿ?"

"ಅವರ ಅಳತಿ ತಪ್ಪೈತಿ ಬಿಡಲೇ" ಎಂದೆ. ಹೌದು, ಹಾಗೇ ಎಂದೆ. ದೇಶದ ಸೈನ್ಯದ ಅಳತೆ ತಪ್ಪು, ಮಹಮ್ಮದಸಾಬನ ಅಳತೆ ಸರಿ!

ಸೈನ್ಯ ಅವನನ್ನು ಬಿಡಲಿಲ್ಲ. ಓಡಿಸಿತು, ಉಣಿಸಿತು, ದೊಡ್ಡವನನ್ನಾಗಿ ಮಾಡಿತು. ಈ ವರ್ಷ ನಮ್ಮ ಭೀಮೇಶ ಭಾರತದ ಅಂಗಿ ತೊಟ್ಟು, ಅದೇ ಸಾವಿರದ ಐನೂರು ಮೀಟರ್ ಓಡಲು, ಏಷ್ಯಾದ ಚಾಂಪಿಯನ್‌ಶಿಪ್ಪಿಗೆ ಹೋದ. ಊರಿನವರು ಅವನ ಹೆಸರಲ್ಲಿ ಶಾಲೆಯ ಮೈದಾನಕ್ಕೆ ಸುತ್ತ ಕಲ್ಲು ಹಾಸಬೇಕೆಂದು ಎದ್ದು ನಿಂತರು. ಕಲ್ಲಿಗೆ ಅಳತೆ ಬೇಕಲ್ಲ, ಲಿಂಗಸುಗೂರಿನಲ್ಲಿ ಸರ್ವೇಯರ್ ಆಗಿರುವ ನನ್ನ ಮಗಳು ವಸೀಮಾಳನ್ನು ಕರೆಸಿದೆ. ಅವಳು ಮಷೀನು ನಿಲ್ಲಿಸಿ ಅಳೆದಳು. ಮತ್ತೆ ಅಳೆದಳು. ನನ್ನ ಮುಖ ನೋಡಿದಳು.

"ಅಬ್ಬಾ, ಇದು ನಾನೂರಲ್ಲ. ನಾನೂರ ಇಪ್ಪತ್ತೆಂಟು ಐತಿ."

"ನಿನ್ನ ಮಷೀನ್ ಕೆಟ್ಟೈತಿ."

ಅವಳು ಟೇಪು ಬಿಚ್ಚಿದಳು. ಟೇಪೂ ನಾನೂರ ಇಪ್ಪತ್ತೆಂಟೇ ಹೇಳಿತು. ಆಗ ನೀವು ಹೇಗೆ ಅಳೆದಿರಿ ಎಂದು ಕೇಳಿದಳು. ಹೇಳಿದೆ. ಆ ಕಾಲಕ್ಕೆ ಶಾಲೆಯಲ್ಲಿ ಟೇಪು ಇರಲಿಲ್ಲ. ಜವಳಗೇರಾದಿಂದ ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದೆ. ಟೇಪು ತಿರುಗಿ ಕೊಟ್ಟ ಮೇಲೂ ಅಳೆಯಲು ಒಂದು ಹೊಸ ಹಗ್ಗ ತಂದು, ಅದರ ಸುರುಳಿ ಬಿಡಲಿ ಎಂದು ಹಗ್ಗವನ್ನು ಕಾಲುವೆಯಲ್ಲಿ ನೆನೆಹಾಕಿ, ಒದ್ದೆ ಇದ್ದಾಗಲೇ ಟೇಪು ಹಿಡಿದು ಐವತ್ತು ಮೀಟರಿಗೆ ಗಂಟು ಹಾಕಿದ್ದೆ. ಎರಡು ದಿನ ಬಿಟ್ಟು, ಬಿಸಿಲಲ್ಲಿ ಒಣಗಿದ ಆ ಹಗ್ಗದಿಂದ ಮೈದಾನ ಅಳೆದಿದ್ದೆ.

ಪಕ್ಕದಲ್ಲಿ ನಿಂತಿದ್ದ ಅಂಬಪ್ಪ ನಕ್ಕುಬಿಟ್ಟ. "ಹಗ್ಗ ತೊಯ್ದ್ರ ಗಿಡ್ಡ ಆಗ್ತೈತ್ರಿ ಸರ, ಒಣಗಿದ್ರ ಮತ್ತ ಉದ್ದ. ಮಳಿ ಬಂದ್ರ ನಾವು ಎದ್ದು ಹೋಗಿ ದನದ ಹಗ್ಗ ಸಡ್ಲ ಮಾಡ್ತೀವಲ್ರಿ, ಕೊರಳಿಗೆ ಬಿಗೀತೈತಂತ. ನಿಮಗ ಇಷ್ಟೂ ಗೊತ್ತಿಲ್ಲೇನ್ರಿ?"

ಬಳೆ ಅಂಗಡಿಯವನ ಮಗ ನಾನು, ನನಗೆ ದನದ ಹಗ್ಗ ಏನು ಗೊತ್ತು! ಅಂಬಪ್ಪ ನಗುತ್ತಾ ಗದ್ದೆಗೆ ಹೋದ. ಲೆಕ್ಕ ಅವನಿಗೆ ಹೊಳೆದಿರಲಿಲ್ಲ, ವಸೀಮಾಗೆ ಹೊಳೆದಿತ್ತು. ಮನೆಗೆ ಬಂದು ಮೊಬೈಲಿನಲ್ಲಿ ಒತ್ತಿ ತೋರಿಸಿದಳು. ಭೀಮೇಶ ಆಗ ಓಡಿದ್ದು ಸಾವಿರದ ಐನೂರಲ್ಲ, ಸಾವಿರದ ಆರುನೂರಕ್ಕೂ ಮೇಲೆ. ನಿಜವಾದ ಅಳತೆಯಲ್ಲಿ ಅವನ ಟೈಮು ನಾಲ್ಕು ನಿಮಿಷ ಐದು ಸೆಕೆಂಡಿನ ಒಳಗೇ ಇತ್ತು. ಹಾಸ್ಟೆಲಿನವರು ಕೇಳಿದ್ದಕ್ಕಿಂತ ಹತ್ತು ಸೆಕೆಂಡು ಚುರುಕು. ಎರಡು ವರ್ಷ ಅವನ ಬೆನ್ನ ಮೇಲೆ ಚೀಲ ಹೊರಿಸಿದವನು ನಾನು.

ಅವನಿಗೆ ಇದನ್ನು ಹೇಳಲೇಬೇಕಿತ್ತು. ಆದರೆ ಫೈನಲ್ಲಿಗೆ ಹದಿನೈದೇ ದಿನ. "ಓಟ ಮುಗೀಲಿ ಅಬ್ಬಾ. ಈಗ ಹೇಳಿ ಅವನ ಮನಸ್ಸು ಕೆಡಿಸಬ್ಯಾಡ್ರಿ" ಎಂದಳು ವಸೀಮಾ. ಅದೇ ಸರಿ ಅನ್ನಿಸಿತು.

ಫೈನಲ್ಲಿನ ದಿನ ಅಲ್ಲಿ ಸಂಜೆ, ನಮಗೆ ಮಧ್ಯಾಹ್ನ. ಅಂಬಪ್ಪನ ಮನೆಯಲ್ಲಿ ಟಿವಿ ಮುಂದೆ ಅರ್ಧ ಊರು ಕೂತಿತ್ತು. ಹಿತ್ತಿಲಿಗೆ ಬಂದು ಫೋನು ಎತ್ತಿದೆ.

"ಸರ, ಬೈರಿ."

ಬಾಯಿ ತೆರೆದೆ. ಎಮ್ಮಿ ಅನ್ನಬೇಕು, ನಾಲಿಗೆ ಏಳಲಿಲ್ಲ. ಯಾವ ಮುಖ ಇಟ್ಟುಕೊಂಡು ಬೈಯಲಿ?

"ಸರ? ಯಾಕ್ರಿ, ಆರಾಮ ಇಲ್ಲೇನ್ರಿ? ದವಾಖಾನಿಗೆ ಹೋಗೀರೇನ್ರಿ?"

ಅವನ ದನಿಯಲ್ಲಿ ಗಾಬರಿ ಹತ್ತಿತು. ಸುಮ್ಮನಿದ್ದರೆ ಹುಡುಗ ನನ್ನ ಚಿಂತೆ ಹೊತ್ತು ಓಡುತ್ತಾನೆ. ಸುಳ್ಳು ಹೇಳೋಣವೆಂದರೆ ಅದೂ ಬಾಯಿಗೆ ಬರಲಿಲ್ಲ. ಹೇಳಿಬಿಟ್ಟೆ. ಹಗ್ಗ, ಗಂಟು, ಇಪ್ಪತ್ತೆಂಟು ಮೀಟರ್, ಹತ್ತು ಸೆಕೆಂಡು, ಎಲ್ಲ. "ತಪ್ಪು ನಂದು ಭೀಮೇಶ" ಎಂದೆ. ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಆ ಕಡೆ ಬೂಟು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

"ಎರಡು ವರ್ಷ, ಸರ" ಎಂದ. ಅಲ್ಲಿ ಯಾರೋ ಅವನನ್ನು ಕರೆದರು, ಫೋನು ಕಟ್ಟಾಯಿತು.

ಒಳಗೆ ಬಂದಾಗ ವಸೀಮಾ ನನ್ನ ಮುಖ ಕಂಡಳು. "ಹೇಳಿಬಿಟ್ರೇನಬ್ಬಾ?" ಎಂದು ಪಿಸುಗುಟ್ಟಿ ಹಣೆ ಚಚ್ಚಿಕೊಂಡಳು. ಹೊಸ್ತಿಲಲ್ಲಿ ಭೀಮೇಶನ ತಾಯಿ ಯಮನಮ್ಮ ಟಿವಿಗೆ ಬೆನ್ನು ಕೊಟ್ಟು ಕೂತಿದ್ದಳು. "ನಾ ನೋಡಂಗಿಲ್ಲ, ಮುಗಿದ ಮ್ಯಾಲೆ ಹೇಳ್ರಿ" ಎಂದಳು. ನನಗೂ ಬೆನ್ನು ತಿರುಗಿಸಬೇಕು ಅನ್ನಿಸಿತು.

ಹನ್ನೆರಡು ಜನ ಓಡಿದರು. ಮುಂದೆ ಹೋಗಲು ಒಬ್ಬನಿಗೂ ಮನಸ್ಸಿಲ್ಲ. ಒಬ್ಬರನ್ನೊಬ್ಬರು ನೋಡುತ್ತಾ ಗುಂಪಾಗಿ ಕುಂಟಿದರು. ಭೀಮೇಶ ಹತ್ತನೆಯವನು, ಆಮೇಲೆ ಹನ್ನೊಂದನೆಯವನು. ನಾನು ಅವನಿಗೆ ಕಲಿಸಿದ್ದು ಒಂದೇ ಪಾಠ. ಕೊನೆಯ ಇನ್ನೂರು ಮೀಟರ್ ಬರುವ ತನಕ ಜೋರು ಮಾಡಬಾರದು, ಮಾಡಿದರೆ ಕಾಲು ಮುರಿಯುತ್ತೇನೆ. ಸೈನ್ಯದ ಕೋಚುಗಳು ಎಷ್ಟು ಹೇಳಿದರೂ ಅವನು ಆ ಪಾಠ ಬಿಟ್ಟಿರಲಿಲ್ಲ. ಅದಕ್ಕೇ ದೊಡ್ಡ ಓಟಗಳಲ್ಲಿ ನಾಲ್ಕನೆಯವನಾಗಿ ಐದನೆಯವನಾಗಿ ಮುಗಿಸಿ ಬರುತ್ತಿದ್ದ.

ಕೊನೆಯ ಸುತ್ತಿನ ಗಂಟೆ ಬಾರಿಸಿದರು. ಇನ್ನೂ ನಾನೂರು ಮೀಟರ್ ಇದೆ. ಭೀಮೇಶ ಹೊರಗಡೆಗೆ ಸರಿದು ಜೋರು ಮಾಡಿಯೇಬಿಟ್ಟ!

"ಈಗಲ್ಲಲೇ! ಈಗಲ್ಲ!" ಎಂದು ಟಿವಿಗೆ ಚೀರಿದೆ. ಅವನು ಎಲ್ಲಿ ಕೇಳುತ್ತಾನೆ! ಒಂಬತ್ತನೆಯವನನ್ನು ದಾಟಿದ, ಏಳನೆಯವನನ್ನು ದಾಟಿದ. ತಲೆ ಅಲುಗಲಿಲ್ಲ. ಆಚೆಯ ಬದಿಯಲ್ಲಿ ನಾಲ್ಕು ಜನರನ್ನು ಒಟ್ಟಿಗೆ ಹಿಂದೆ ಹಾಕಿದ. ನಾನು ಹೇಳಿದ್ದ ಇನ್ನೂರರ ಗೆರೆ ಬಂದಾಗ ಆಗಲೇ ಮೂರನೆಯವನಾಗಿದ್ದ. ಕೊನೆಯ ತಿರುವಿನಲ್ಲಿ ಮುಖ ಕಿವುಚಿತು, ಮೊಣಕಾಲು ಮಾತ್ರ ಏಳುತ್ತಲೇ ಇತ್ತು. ಎರಡನೆಯವನನ್ನು ಹಿಡಿದ, ದಾಟಿದ. ಮುಂದಿನವನಿಗೂ ಅವನಿಗೂ ಒಂದು ಮೊಳ ಅಂತರ ಉಳಿದಿತ್ತು, ಗೆರೆ ಬಂದುಬಿಟ್ಟಿತು.

ಬೆಳ್ಳಿ! ಏಷ್ಯಾಕ್ಕೆ ಎರಡನೆಯವನು! ಅಂಬಪ್ಪ ನನ್ನನ್ನು ಎತ್ತಿ ತಿರುಗಿಸಿದ. ಯಮನಮ್ಮ "ಏನಾತು, ಯಾರರ ಹೇಳ್ರೆಪಾ!" ಎಂದು ಕೂಗುತ್ತಿದ್ದಳು. ನಾನು ಅಳುತ್ತಿದ್ದೆ, ನಾಚಿಕೆಯೂ ಆಗಲಿಲ್ಲ.

ಹೊತ್ತು ಇಳಿದ ಮೇಲೆ ಫೋನು ಬಂತು.

"ಇನ್ನೂರರ ಮುಂಚೇನ ಯಾಕಲೇ ಜೋರು ಮಾಡಿದಿ?" ಎಂದೆ.

"ನಿಮ್ಮ ಅಳತೀನ ತಪ್ಪಂದ್ರ ನಿಮ್ಮ ಮಾತೂ ತಪ್ಪಿರಬೇಕು ಅನ್ನಿಸ್ತ್ರಿ. ಸಿಟ್ಟೂ ಬಂದಿತ್ತು. ಹೊಂಟಬಿಟ್ಟೆ." ಆಮೇಲೆ ಅಂದ: "ಊರಿಗೆ ಬರ್ತೀನ್ರಿ ಸರ. ಈ ಸಲ ಬೈಯೋ ಪಾಳಿ ನಂದು. ಕಾಯ್ರಿ."

ಬಂದ. ಮೆರವಣಿಗೆ, ಹಾರ, ಮಸ್ಕಿಯಿಂದ ಸಿಂಧನೂರಿನ ತನಕ ಸನ್ಮಾನ ಎಲ್ಲ ಮುಗಿದ ಮರುದಿನ ಬೆಳಿಗ್ಗೆ ನನ್ನನ್ನು ಮೈದಾನಕ್ಕೆ ಕರೆದ. ನನ್ನ ಕೊರಳಿನ ಸೀಟಿ ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಂಡ.

"ಒಂದ್ ಸುತ್ತು ನಡೀರಿ."

ನನ್ನ ಮೊಣಕಾಲು ಕೆಟ್ಟು ನಾಲ್ಕು ವರ್ಷವಾಗಿದೆ. ಆದರೂ ಎದುರಾಡಲಿಲ್ಲ, ನಡೆದೆ. ಗೆರೆಯ ಬಳಿ ನಿಂತು ಅವನು ಕೂಗಿದ: "ಎಮ್ಮಿಯಂಗ ನಡೀತೀರಲ್ರೀ! ಮೊಣಕಾಲು ಎತ್ರಿ!" ಬೈಯುವಾಗಲೂ ಆ ಹುಡುಗನ ಬಾಯಿಂದ 'ರೀ' ಹೋಗಲಿಲ್ಲ. ನಗು ಬಂತು, ನಗಲು ಉಸಿರಿರಲಿಲ್ಲ. ಬೆವರು ಕಣ್ಣಿಗೆ ಇಳಿದಿತ್ತು. ಅಂತೂ ವಸೀಮಾ ಹಳೆಯ ಸುತ್ತಿನ ಮೇಲೆ ಹೊಸದಾಗಿ ಎಳೆದಿದ್ದ ನಾನೂರರ ಗೆರೆ ಮುಟ್ಟಿ ಸೊಂಟ ಹಿಡಿದು ನಿಂತೆ. ಸೀಟಿ ಊದಲಿಲ್ಲ.

"ಇನ್ನ ಇಪ್ಪತ್ತೆಂಟು ಐತ್ರಿ ಸರ" ಎಂದ.

ನಡೆದೆ. ಅಷ್ಟು ದೂರ ನಾನು ಎಂದೂ ನಡೆದಿರಲಿಲ್ಲ. ಹಳೆಯ ಗೆರೆ ದಾಟಿದಾಗ ಸೀಟಿ ಊದಿದ, ನಾನು ನೆಲಕ್ಕೆ ಕುಸಿದು ಕೂತೆ. ಅವನೂ ಬಂದು ಪಕ್ಕದಲ್ಲಿ ಕೂತ, ನನ್ನ ಮೊಣಕಾಲನ್ನು ತಾನೇ ಒತ್ತತೊಡಗಿದ.

"ಬಾಳ ಉದ್ದ ಐತಲ್ಲಲೇ ಇದು" ಎಂದೆ.

"ಹೌದ್ರಿ ಸರ" ಎಂದ. "ಒಂದೊಂದು ಸುತ್ತಿಗೂ ಇಷ್ಟುದ್ದ ಇತ್ತು."