ಪರದೆಯಾಚೆಯ ಕೆಮ್ಮು

ನನ್ನ ಗಂಡನ ಅಣ್ಣ, ನಮ್ಮ ಭಾವನವರು, ಮನೆಯಲ್ಲಿ ಬಾಯಿ ತೆರೆದು ಯಾರನ್ನೂ ಗದರಿದವರಲ್ಲ. ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಕೆಳಗಿನ ಮರಗೆಲಸದ ಅಂಗಡಿಯಿಂದ ಮೆಟ್ಟಿಲು ಹತ್ತುತ್ತಾ ಒಂದು ಸಲ ಕೆಮ್ಮಿದರೆ ಸಾಕು, ನಾವು ಹೆಂಗಸರು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನುಂಗಿಕೊಂಡು ಏಳುತ್ತಿದ್ದೆವು. ಮದುವೆಯಾಗಿ ಬಂದ ಹೊಸದರಲ್ಲಿ, ಪಾಪ, ಮರದ ಪುಡಿಗೆ ಗಂಟಲು ಕೆಟ್ಟಿರಬೇಕು ಎಂದುಕೊಂಡು ಬಿಸಿನೀರು ಹಿಡಿದು ಎದುರಿಗೆ ಹೋಗಿದ್ದೆ. ನನ್ನ ಬುದ್ಧಿಗಿಷ್ಟು!

ಆ ಮಹಾನುಭಾವರು ಒಂದು ದಿನ ಅಕ್ಕನನ್ನು, ಎಂದರೆ ತಮ್ಮ ಹೆಂಡತಿಯನ್ನು, ಅದೇ ಮೆಟ್ಟಿಲ ಮೇಲಿಂದ ತಳ್ಳಿದರು. ಅಕ್ಕನ ಸೊಂಟದ ಮೂಳೆ ಮುರಿಯಿತು. ಒಗೆದ ಬಟ್ಟೆಯ ಬಕೆಟ್ ಹಿಡಿದು ಹಿಂದೆ ನಿಂತಿದ್ದ ನಾನೊಬ್ಬಳೇ ಅದನ್ನು ಕಂಡವಳು. ನಾನು ಹೇಳದಿದ್ದರೆ ಅವಳು ಕಾಲುಜಾರಿ ಬಿದ್ದಳೆಂದೇ ಕೇಸು ಮುಗಿಯುತ್ತಿತ್ತು. ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತೇನೆ ಎಂದೆ.

"ಮನೆ ಮರ್ಯಾದೆ ಬೀದಿಗೆ ತರ್ತೀಯೇನೇ?" ಎಂದರು ಅತ್ತೆ.

"ಅಕ್ಕನ ಸೊಂಟ ಮುರಿದಾಗ ಮರ್ಯಾದೆ ಎಲ್ಲಿತ್ತು ಅತ್ತೆ, ಅಟ್ಟದ ಮೇಲಿತ್ತಾ?"

ನನ್ನ ಗಂಡ ಗೋಡೆ ನೋಡುತ್ತಾ ಕೂತಿದ್ದರು.

ಬಾಯಿ ಜೋರಿದ್ದರೇನು, ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ ನಾನು. ಸಾಕ್ಷಿಗಳಿಗೆ ನೆರವಾಗಲೆಂದೇ ಕೋರ್ಟಿನಲ್ಲಿದ್ದ ಮೇಡಂ ವಿಚಾರಣೆಯ ಹಿಂದಿನ ದಿನವೇ ಕರೆಸಿ ಖಾಲಿ ಕೋಣೆ ತೋರಿಸಿದರು. ನಾನು ನಿಲ್ಲುವ ಜಾಗ ಇದು, ನ್ಯಾಯಾಧೀಶರು ಅಲ್ಲಿ, ಭಾವ ಆ ಮೂಲೆಯಲ್ಲಿ. ನಡುವೆ ಪರದೆ ಹಾಕಲು ಒಪ್ಪಿಗೆ ಸಿಕ್ಕಿತ್ತು. ಕಾಯಲು ಬೇರೆ ಕೋಣೆ, ಬರಲು ಹಿಂಬಾಗಿಲು.

"ನಾಳೆ ಏನು ಹೇಳ್ಬೇಕು ಮೇಡಂ?"

"ಅದನ್ನ ನಾನು ಹೇಳಿಕೊಡೋ ಹಾಗಿಲ್ಲ. ಕಂಡಿದ್ದು ನೀವು. ಆದ್ರೆ ಹೇಳೋಕೆ ಏನಾದ್ರೂ ಅಡ್ಡ ಬಂದ್ರೆ ನ್ಯಾಯಾಧೀಶರಿಗೇ ನೇರವಾಗಿ ಹೇಳಿ. ಸಂಕೋಚ ಬೇಡ."

ಮರುದಿನ ಪರದೆಯ ಈಚೆ ನಿಂತೆ. ಭಾವನವರ ಮುಖ ಕಾಣದ್ದರಿಂದ ಧೈರ್ಯವಾಗಿಯೇ ಶುರುಮಾಡಿದೆ.

"ಅಕ್ಕ ಮೇಲಿನ ಮೆಟ್ಟಿಲಲ್ಲಿ ನಿಂತಿದ್ಲು. ಭಾವ ಹತ್ತಿರ ಬಂದು..."

ಪರದೆಯಾಚೆಯಿಂದ ಕೆಮ್ಮು ಬಂತು.

ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಮುಖ ಮರೆಮಾಡುವ ಪರದೆ ಕೆಮ್ಮನ್ನು ತಡೆಯುವುದಿಲ್ಲ ಎಂಬುದು ಮೇಡಂಗಾಗಲಿ ನನಗಾಗಲಿ ಹೊಳೆದೇ ಇರಲಿಲ್ಲ.

"ಯಾಕಮ್ಮಾ, ಮುಂದಿಂದು ಮರೆತುಹೋಯ್ತಾ?" ಎಂದು ಭಾವನ ಕಡೆಯ ವಕೀಲರು ನಕ್ಕರು.

ನನಗೆ ಮೈಯೆಲ್ಲ ಉರಿದುಹೋಯಿತು. ವಕೀಲರ ಮೇಲಲ್ಲ, ಒಂದು ಗಂಟಲ ಸದ್ದಿಗೆ ಇಷ್ಟು ವರ್ಷ ಬಾಲ ಮುದುರಿಕೊಂಡಿದ್ದ ನನ್ನ ಮೇಲೆಯೇ. ನ್ಯಾಯಾಧೀಶರ ಕಡೆ ತಿರುಗಿದೆ.

"ಮರೆತಿಲ್ಲ ಸ್ವಾಮಿ. ಈಗ ಕೇಳಿಸ್ತಲ್ಲ, ಅದು ಕೆಮ್ಮಲ್ಲ. ನಮ್ಮನೇಲಿ ಅದಕ್ಕೆ ಬಾಯ್ಮುಚ್ಚು ಅಂತ ಅರ್ಥ. ಅವತ್ತೂ ಹೀಗೇ ಕೆಮ್ಮಿದ್ರು. ಅಕ್ಕ ಬಾಯ್ಮುಚ್ಚಲಿಲ್ಲ. ಅದಕ್ಕೇ ಎರಡೂ ಕೈಯಲ್ಲಿ ತಳ್ಳಿದ್ರು. ನಾನು ಕಣ್ಣಾರೆ ನೋಡಿದೀನಿ."

ನ್ಯಾಯಾಧೀಶರು ನನ್ನ ಮಾತನ್ನು ಹಾಗೆಯೇ ಬರೆಸಿದರು. ಆಮೇಲೆ ಪರದೆಯಾಚೆ ನೋಡಿ, "ಇನ್ನೊಂದ್ಸಲ ಆ ಸದ್ದು ಬಂದ್ರೆ ನಿಮ್ಮನ್ನ ಹೊರಗೆ ಕೂರಿಸಬೇಕಾಗುತ್ತೆ" ಎಂದರು.

ಆಚೆಯಿಂದ ಸೊಲ್ಲೇ ಇಲ್ಲ. ನಿಜವಾಗಿಯೇ ಗಂಟಲು ಕೆರೆದಿದ್ದರೂ ನುಂಗಿಕೊಂಡಿರಬೇಕು. ನುಂಗಲಿ, ನಾವು ನುಂಗಿಲ್ಲವೇ? ವಕೀಲರು ಎಷ್ಟು ತಿರುಚಿ ಕೇಳಿದರೂ ಕಂಡದ್ದನ್ನು ಕಂಡ ಹಾಗೆ ಕೊನೆಯವರೆಗೂ ಹೇಳಿ ಇಳಿದೆ.

ಜಾಮೀನಿನ ಮೇಲಿದ್ದ ಭಾವನವರು ಮನೆಯತ್ತ ಬರುವಂತಿರಲಿಲ್ಲ. ಸಂಜೆ ನಾನು ಮರಳಿದಾಗ ಅತ್ತೆ ಒಳಗೆ ನನ್ನ ಗಂಡನ ಮುಂದೆ ನನ್ನ ಜನ್ಮ ಜಾಲಾಡುತ್ತಿದ್ದರು. ಮೆಟ್ಟಿಲ ಮೇಲೆ ನಿಂತು ಜೋರಾಗಿ ಒಮ್ಮೆ ಕೆಮ್ಮಿದೆ. ಒಳಗಿನ ಮಾತು ಗಕ್ಕನೆ ನಿಂತಿತು.

"ನಾನೇ ಅತ್ತೆ. ನಿಲ್ಲಿಸಬೇಡಿ, ಬೈಯಿರಿ," ಎನ್ನುತ್ತಾ ಒಳಗೆ ಹೋದೆ. "ಇನ್ಮೇಲೆ ಈ ಮನೇಲಿ ಯಾರು ಕೆಮ್ಮಿದ್ರೂ ಬಿಸಿನೀರು ಕೊಡೋಣ, ಅಷ್ಟೇ."